ಕ್ರೂಸರ್ ಬೈಕಿನ ಹಿಂದಿನ ಬ್ರೇಕ್: ದುಡ್ಡು ಎಲ್ಲಿ ಹಾಕ್ಬೇಕು, ಗಾಳಿ ಹೇಗೆ ತೆಗೀಬೇಕು

ಹಿಂದಿನ ಬ್ರೇಕ್ ಅಪ್‌ಗ್ರೇಡ್ ಅಂದ ತಕ್ಷಣ ದೊಡ್ಡ ಡಿಸ್ಕ್ ಬೇಕು, ಕೆಂಪು ಬಣ್ಣದ ಕ್ಯಾಲಿಪರ್ (ಪ್ಯಾಡ್ ಒತ್ತಿ ಡಿಸ್ಕ್ ಹಿಡಿಯೋ ಭಾಗ) ಬೇಕು ಅಂತ ಪುಣೆಯ ನಾನಾ ಪೇಠಕ್ಕೆ ಹೋಗಿ ಅಂಗಡಿಯವ್ನು ತೋರ್ಸಿದ್ದೆಲ್ಲ ಕಟ್ಟಿಸ್ಕೊಂಡು ಬರೋರೇ ಜಾಸ್ತಿ. ಆಮೇಲೆ ಸೊಸೈಟಿ ಪಾರ್ಕಿಂಗಲ್ಲಿ ಎಲ್ಲಾ ಬಿಚ್ಚಿ ಜೋಡಿಸಿ ಕಾಲಿಟ್ರೆ ಪೆಡಲ್ ಮೆತ್ತಗೆ ಕೆಳಗೆ ಹೋಗತ್ತೆ, "ಏನ್ರಿ ಇದು, ಮೊದಲ ಇದ್ದದ್ದ ಛಲೋ ಇತ್ತಲ್ರಿ" ಅಂತ ಫೋನ್ ಬರತ್ತೆ. ಬೆಳಗಾವಿ, ಧಾರವಾಡ, ಕಲಬುರಗಿ ಕಡೆಯಿಂದ ಬಂದು ಹಿಂಜೆವಾಡಿ, ಚಾಕಣ್‌ನಲ್ಲಿ ದುಡಿಯೋ ನಮ್ಮ ಹುಡುಗ್ರ ಬೈಕ್‌ಗಳಲ್ಲಿ ನಾನು ನೋಡಿದ ಮಟ್ಟಿಗೆ ಕೆಲಸ ಕೆಡೋದು ಒಂದೇ ಜಾಗದಲ್ಲಿ, ಬ್ರೇಕ್ ಆಯಿಲ್ ಹರಿಯೋ ಲೈನಿನೊಳಗೆ ಸಿಕ್ಕಿ ಪೆಡಲ್ ಮೆತ್ತಗೆ ಮಾಡೋ ಗಾಳಿ ತೆಗೆಯೋ ಹೊತ್ತಲ್ಲಿ. ಹಾಗಾಗಿ ಈ ಲೇಖನದಲ್ಲೂ ಅರ್ಧ ಅದೇ ಇರತ್ತೆ, ಬೇಜಾರು ಮಾಡ್ಕೋಬೇಡಿ.

ಬೇರೆ ಬೈಕ್‌ಗಿಂತ ಕ್ರೂಸರ್‌ಗೆ ಹಿಂದಿನ ಬ್ರೇಕ್ ಹೆಚ್ಚು ಕೆಲಸಕ್ಕೆ ಬರತ್ತೆ. ಗಾಡಿ ಉದ್ದ, ಸೀಟು ತಗ್ಗು, ಭಾರ ಹಿಂದಿನ ಚಕ್ರದ ಮೇಲೆ ಜಾಸ್ತಿ, ಅದಕ್ಕೆ ಬ್ರೇಕ್ ಹಾಕ್ದಾಗ ಮೂತಿ ಕೆಳಗೆ ಬಗ್ಗೋದು ಕಮ್ಮಿ. ರಾಯಲ್ ಎನ್‌ಫೀಲ್ಡಿನ ಮೀಟಿಯರ್ 350ರಲ್ಲಿ ಮುಂದೆ 300 ಮಿ.ಮೀ. ಡಿಸ್ಕ್ ಇದ್ರೆ ಹಿಂದೆ 270 ಮಿ.ಮೀ. ಇದೆ, ಅಂದ್ರೆ ಕಂಪನಿಯವ್ರೇನೂ ಹಿಂದಿನದಕ್ಕೆ ಜಿಪುಣತನ ಮಾಡಿಲ್ಲ. ಹಂಗಂತ ಮುಂದಿನ ಬ್ರೇಕ್ ಮರೀಬೇಡಿ, ಗಾಡಿ ನಿಲ್ಲಿಸೋದು ಅದೇ.

ಮೊದಲು ಏನು ಬದಲಿಸ್ಬೇಕು ಅಂತ ತೀರ್ಮಾನ ಮಾಡಿ. ನನ್ನ ಲೆಕ್ಕದಲ್ಲಿ ಒಳ್ಳೆ ಪ್ಯಾಡ್, ಸ್ಟೀಲ್ ಹೆಣಿಗೆಯ ಹೋಸ್, ಹೊಸ ಬ್ರೇಕ್ ಆಯಿಲ್, ಇಷ್ಟೇ. ಡಿಸ್ಕ್ ದೊಡ್ಡದು ಮಾಡಿದ್ರೆ ಬ್ರಾಕೆಟ್ ಬೇರೆ ಬೇಕು, ಎಬಿಎಸ್ (ಬ್ರೇಕ್ ಹಾಕ್ದಾಗ ಚಕ್ರ ಲಾಕ್ ಆಗದಂಗೆ ತಡೆಯೋ ವ್ಯವಸ್ಥೆ) ಲೆಕ್ಕಾಚಾರ ಎಲ್ಲಾ ಹಳೇ ಅಳತೆಗೆ ಹೊಂದಿಸಿರತ್ತೆ, ಸುಮ್ನೆ ತಲೆನೋವು. ಅವೆಂಜರ್ ತರ ಹಿಂದೆ ಡ್ರಮ್ ಇರೋ ಗಾಡಿಗೆ ಡಿಸ್ಕ್ ಕೂರಿಸ್ತೀನಿ ಅನ್ನೋರಿಗೆ ನನ್ನ ಉತ್ತರ ಬೇಡ ಅಂತಲೇ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿ ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳ ಜೈಲೂ ಆಗ್ಬಹುದು, ಆಕ್ಸಿಡೆಂಟ್ ಆದ್ರೆ ಇನ್ಶೂರೆನ್ಸಿನವ್ರಿಗೆ ಒಂದು ನೆಪ ಕೊಟ್ಟಂಗೆ. ಡ್ರಮ್ಮಿಗೆ ಒಳ್ಳೆ ಶೂ ಹಾಕಿ, ಒಳಗಿನ ಧೂಳು ಒದ್ದೆ ಬಟ್ಟೇಲಿ ಒರೆಸಿ (ಏರ್ ಹೊಡೀಬೇಡಿ, ಆ ಧೂಳು ಎದೆಗೆ ಹೋಗ್ಬಾರ್ದು), ಕ್ಯಾಮ್‌ಗೆ ಚೂರೇ ಗ್ರೀಸ್ ಹಚ್ಚಿ, ಬ್ರೇಕ್ ಒತ್ತಿದಾಗ ಪೆಡಲಿಂದ ಬರೋ ರಾಡ್ ಮತ್ತು ಅದು ಎಳೆಯೋ ಡ್ರಮ್ಮಿನ ಆರ್ಮ್ ನಡುವೆ ಸುಮಾರು 90 ಡಿಗ್ರಿ ಬರೋ ಹಾಗೆ ಸೆಟ್ ಮಾಡಿದ್ರೆ ಅದೇ ಬ್ರೇಕ್ ಬೇರೆ ತರ ಹಿಡಿಯತ್ತೆ. ಇಲ್ಲಿಂದ ಮುಂದಿನದೆಲ್ಲ ಡಿಸ್ಕ್ ಇರೋರಿಗೆ.

ಸಾಮಾನು

ಪ್ಯಾಡ್ ವಿಷಯದಲ್ಲಿ ನಾನು ಹಠಮಾರಿ. ಹಿಂದಕ್ಕೆ ಆರ್ಗ್ಯಾನಿಕ್ ಅಥವಾ ಸೆಮಿ ಮೆಟಾಲಿಕ್ ಸಾಕು, ಸಿಂಟರ್ಡ್ (ಲೋಹದ ಪುಡಿ ಬಿಸಿ ಮಾಡಿ ಒತ್ತಿ ಮಾಡಿದ್ದು) ಬೇಡ. ಸಿಂಟರ್ಡ್ ಪ್ಯಾಡ್ ಅದಕ್ಕಂತ ಮಾಡಿರದ ಡಿಸ್ಕನ್ನ ಬೇಗ ತಿನ್ನತ್ತೆ, ಹಿಂದೆ ಎಬಿಎಸ್ ಇಲ್ಲದ ಹಳೇ ಗಾಡೀಲಿ ಮಳೆಗಾಲದಲ್ಲಿ ಗಕ್ಕಂತ ಹಿಡಿದು ಚಕ್ರ ಲಾಕ್ ಮಾಡತ್ತೆ. ಡಬ್ಬಿ ಮೇಲಿನ ಅಕ್ಷರ ಮಸುಕಾಗಿದ್ರೆ, ಪ್ಯಾಡಿನ ಹಿಂದಿನ ತಗಡಿನ ಮೇಲೆ ನಂಬರೇ ಇಲ್ಲದಿದ್ರೆ ಅದು ನಕಲಿ ಅಂತ ತಿಳ್ಕೊಂಡು ವಾಪಸ್ ಕೊಡಿ. ಹೋಸ್ ಒಳಗೆ ಪಿಟಿಎಫ್‌ಇ (ಟೆಫ್ಲಾನ್) ಕೊಳವೆ ಇರ್ಬೇಕು, ಮೇಲೆ ಸ್ಟೀಲ್ ಜಾಲರಿ. ಮಾಮೂಲಿ ರಬ್ಬರ್ ಪೈಪಿಗೆ ಮೇಲೊಂದು ಹೊಳೆಯೋ ಜಾಲರಿ ಏರಿಸಿ ಮಾರೋರೂ ಇದಾರೆ, ತುದೀಲಿ ಇಣುಕಿ ನೋಡಿದ್ರೆ ಗೊತ್ತಾಗತ್ತೆ.

ಬ್ರೇಕ್ ಆಯಿಲ್ ಗಾಡಿಯ ಆಯಿಲ್ ಡಬ್ಬಿ ಮುಚ್ಚಳದ ಮೇಲೆ ಯಾವ ದರ್ಜೆ ಬರೆದಿದೆಯೋ ಅದೇ, ಸಾಮಾನ್ಯವಾಗಿ ಡಾಟ್ 4. ಹೊಸದಾಗಿದ್ದಾಗ ಇದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಲ್ಲ, ಗಾಳಿಯ ತೇವ ಹೀರಿ ಹಳೇದಾದ್ಮೇಲೆ ಆ ಮಿತಿ 155ಕ್ಕೆ ಇಳಿದಿರ್ಬಹುದು. ಹಿಂದೆ ಹೆಂಡ್ತಿ, ಎರಡೂ ಬದಿಗೆ ಬ್ಯಾಗು, ತಾಮ್ಹಿಣಿ ಘಾಟೋ ಅಂಬೋಲಿ ಘಾಟೋ ಇಳಿಯೋವಾಗ ಉದ್ದಕ್ಕೂ ಹಿಂದಿನ ಬ್ರೇಕ್ ಮೇಲೇ ಕಾಲು, ಆಗ ಬಿಸಿಗೆ ಹಳೇ ಆಯಿಲ್ ಕುದ್ದು ಪೆಡಲ್ ಖಾಲಿ ಆಗೋದು ಇದೇ ಕಾರಣಕ್ಕೆ. (ಗೇರ್ ಇಳಿಸ್ರಪ್ಪ, ಇಂಜಿನ್ ಇರೋದ್ಯಾಕೆ.) ಡಾಟ್ 5.1 ಪರವಾಗಿಲ್ಲ, ಆದ್ರೆ ಬರೀ ಡಾಟ್ 5 ಅಂದ್ರೆ ಸಿಲಿಕೋನ್, ಅದು ಪೂರ್ತಿ ಬೇರೆ ಜಾತಿ, ಇದರ ಜೊತೆ ಬೆರೆಸಲೇಬಾರ್ದು. ಚಿಕ್ಕ ಡಬ್ಬಿ ತಗೊಳ್ಳಿ, ಒಡೆದು ಮನೇಲಿಟ್ಟ ಡಬ್ಬಿ ಮಳೆಗಾಲ ಕಳೆದ್ಮೇಲೆ ಕೆಲಸಕ್ಕೆ ಬರಲ್ಲ. ಜೊತೆಗೆ ಬ್ಯಾಂಜೊ ಬೋಲ್ಟಿಗೆ (ಹೋಸಿನ ತುದಿ ಬಿಗಿಯೋ, ಒಳಗೆ ತೂತಿರೋ ಬೋಲ್ಟ್) ಹೊಸ ವಾಷರ್, ಬೋಲ್ಟಿಗೆ ಎರಡರಂತೆ. ಹಳೇ ವಾಷರ್ ತಿರುಗಿಸಿ ಹಾಕೋ ಉಳಿತಾಯ ಬೇಡ.

ಬಿಚ್ಚೋದು, ಹಾಕೋದು

ಕ್ಯಾಲಿಪರ್ ಬಿಚ್ಚಿ, ಹಳೇ ಪ್ಯಾಡ್ ತೆಗೀರಿ, ಪ್ಯಾಡ್ ತಳ್ಳೋ ಪಿಸ್ಟನ್ ಸುತ್ತ ಕೂತ ಕಪ್ಪು ಮಣ್ಣು ಒರೆಸಿದ್ಮೇಲೆ ಮಾತ್ರ ಪಿಸ್ಟನ್ ಒಳಗೆ ತಳ್ಳಿ. ತಳ್ಳೋವಾಗ ಮೇಲಿನ ಆಯಿಲ್ ಡಬ್ಬಿ ತುಂಬಿ ಚೆಲ್ಲತ್ತೆ, ಈ ಆಯಿಲ್ ಪೇಂಟ್ ತಿನ್ನತ್ತೆ, ಪಕ್ಕದಲ್ಲೊಂದು ಮಗ್ ನೀರಿರ್ಲಿ. ಕ್ಯಾಲಿಪರ್ ಜಾರೋ ಸ್ಲೈಡರ್ ಪಿನ್ನಿಗೆ ಸಿಲಿಕೋನ್ ಗ್ರೀಸ್ ಮಾತ್ರ, ಬೇರಿಂಗ್ ಗ್ರೀಸ್ ಹಚ್ಚಿದ್ರೆ ರಬ್ಬರ್ ಉಬ್ಬಿ ಪಿನ್ ಕಚ್ಚಿಕೊಳ್ಳತ್ತೆ. ಡಿಸ್ಕ್ ಮೇಲೆ ಕನಿಷ್ಠ ದಪ್ಪ ಎಷ್ಟು ಅಂತ ಕೊರೆದಿರತ್ತೆ, ಅದಕ್ಕಿಂತ ಸವೆದಿದ್ರೆ ಹೊಸ ಪ್ಯಾಡ್ ಹಾಕಿ ಪ್ರಯೋಜನ ಇಲ್ಲ. ಚೈನ್ ಸ್ಪ್ರೇ ಬಿದ್ದು ಜಿಡ್ಡಾದ ಪ್ಯಾಡನ್ನ ಪಾಲಿಶ್ ಪೇಪರಲ್ಲಿ ಉಜ್ಜಿ ಮತ್ತೆ ಹಾಕೋದು ಗ್ಯಾರೇಜಿನವ್ರ ಅಚ್ಚುಮೆಚ್ಚಿನ ಔಷಧ, ಎಣ್ಣೆ ಒಳಗೆ ಇಳಿದಿರತ್ತೆ, ಬಿಸಿಯಾದಾಗ ಮತ್ತೆ ಹೊರಗೆ ಬರತ್ತೆ, ಬಿಸಾಕಿ.

ಹೋಸ್ ಹಾಕಿದ್ಮೇಲೆ ಹಿಂದೆ ಯಾರನ್ನಾದ್ರೂ ಕೂರಿಸಿ ಗಾಡಿ ಕುಣಿಸಿ ನೋಡಿ, ಎಲ್ಲೂ ಎಳೀಬಾರ್ದು, ಸೈಲೆನ್ಸರಿಗೆ ತಾಗ್ಬಾರ್ದು. ಎಬಿಎಸ್ ಇರೋ ಗಾಡೀಲಿ ಮಾಸ್ಟರ್ ಸಿಲಿಂಡರಿಂದ (ಪೆಡಲ್ ಒತ್ತಿದಾಗ ಆಯಿಲ್ ತಳ್ಳೋ ಭಾಗ) ಎಬಿಎಸ್ ಪಂಪಿಗೆ ಒಂದು ಲೈನು, ಅಲ್ಲಿಂದ ಕ್ಯಾಲಿಪರಿಗೆ ಇನ್ನೊಂದು. ಕೆಲವು ಮೇಸ್ತ್ರಿಗಳು ಪಂಪ್ ಬಿಟ್ಟು ನೇರ ಒಂದೇ ಹೋಸ್ ಎಳೀತಾರೆ, "ಪೆಡಲ್ ಗಟ್ಟಿ ಬರತ್ತೆ ಸಾಹೇಬ್ರೆ" ಅಂತಾರೆ, ನಿಜ, ಗಟ್ಟಿನೂ ಬರತ್ತೆ, ಎಬಿಎಸ್ಸೂ ಸಾಯತ್ತೆ. ಪಂಪಿನೊಳಗೇ ಗಾಳಿ ಹೊಕ್ಕಿದ್ರೆ ಅದನ್ನ ತೆಗೆಯೋಕೆ ಸರ್ವಿಸ್ ಸೆಂಟರಿನ ಸ್ಕ್ಯಾನರ್ ಬೇಕಾಗ್ಬಹುದು, ಅದಕ್ಕೇ ಲೈನ್ ಬಿಚ್ಚಿದ ತಕ್ಷಣ ಪಂಪಿನ ಬಾಯಿಗೆ ರಬ್ಬರ್ ಕ್ಯಾಪ್ ಹಾಕಿ ಮುಚ್ಚಿ.

ಗಾಳಿ ತೆಗೆಯೋದು

ಇಲ್ಲಿ ಅವಸರ ಮಾಡ್ಬೇಡಿ. ಅಕ್ವೇರಿಯಂ ಅಂಗಡೀಲಿ ಸಿಗೋ ಪಾರದರ್ಶಕ ಪೈಪು, ಒಂದು ಬಾಟ್ಲಿ, ನಿಪ್ಪಲ್‌ಗೆ (ಕ್ಯಾಲಿಪರಿಂದ ಗಾಳಿ ಹೊರಗೆ ಬಿಡೋ ಸಣ್ಣ ತೂತಿನ ತಿರುಪು) ಸರಿಯಾಗಿ ಕೂರೋ ರಿಂಗ್ ಪಾನಾ, ಬಹಳಷ್ಟು ಗಾಡಿಗೆ 8 ನಂಬರ್. ಫಿಕ್ಸ್ ಪಾನಾ ಹಾಕಿ ನಿಪ್ಪಲ್ ಮೂಲೆ ಸವೆಸಿದ್ರೆ ಕಥೆ ಮುಗೀತು. ಮೊದಲು ಪಾನಾ ಇಳಿಸಿ ಆಮೇಲೆ ಪೈಪ್ ಸಿಕ್ಕಿಸಿ, ಪೈಪು ನಿಪ್ಪಲಿಂದ ಮೇಲಕ್ಕೆ ಹೋಗಿ ಬಾಗಿ ಕೆಳಗಿನ ಬಾಟ್ಲಿಗೆ ಬರ್ಬೇಕು, ತುದಿ ಆಯಿಲಲ್ಲಿ ಮುಳುಗಿರ್ಬೇಕು. ಗುಳ್ಳೆ ಮೇಲಕ್ಕೇ ಹೋಗತ್ತೆ, ಪೈಪ್ ಕೆಳಗೆ ಜೋತುಬಿದ್ರೆ ಅದು ವಾಪಸ್ ಕ್ಯಾಲಿಪರಿಗೇ ಬರತ್ತೆ.

ಅದೇ ಕಾರಣಕ್ಕೆ ನಿಪ್ಪಲ್ ಕ್ಯಾಲಿಪರಿನ ಅತ್ಯಂತ ಎತ್ತರದ ಜಾಗದಲ್ಲಿರ್ಬೇಕು. ಕೆಲವು ಗಾಡೀಲಿ ಕ್ಯಾಲಿಪರ್ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರೋ ತೋಳು) ಕೆಳಗೆ ನೇತಾಡ್ತಿರತ್ತೆ, ನಿಪ್ಪಲ್ ಒಂದು ಕಡೆ ವಾಲಿರತ್ತೆ, ಎಷ್ಟು ಒತ್ತಿದ್ರೂ ಮೂಲೇಲಿ ಒಂದು ಗುಳ್ಳೆ ಆರಾಮಾಗಿ ಕೂತಿರತ್ತೆ. ಆಗ ಕ್ಯಾಲಿಪರ್ ಬಿಚ್ಚಿ ನಿಪ್ಪಲ್ ಮೇಲೆ ಬರೋ ಹಾಗೆ ಹಿಡಿದು, ಪಿಸ್ಟನ್ ಹೊರಗೆ ಹಾರದ ಹಾಗೆ ಪ್ಯಾಡ್‌ಗಳ ನಡುವೆ ಡಿಸ್ಕಿನಷ್ಟೇ ದಪ್ಪದ ಮರದ ಚಕ್ಕೆ ಸಿಕ್ಕಿಸಿ ಕೆಲಸ ಮಾಡಿ.

ಕ್ರೂಸರಲ್ಲಿ ಪೆಡಲ್ ಮುಂದಿರತ್ತೆ, ನಿಪ್ಪಲ್ ಹಿಂದೆ, ಒಬ್ರಿಂದ ಆಗಲ್ಲ, ಇನ್ನೊಬ್ರು ಬೇಕೇ ಬೇಕು. ಏನು ಕೂಗಿದ್ರೆ ಏನು ಮಾಡ್ಬೇಕು ಅಂತ ಮೊದ್ಲೇ ಮಾತಾಡ್ಕೊಳ್ಳಿ. ಕೆಳಗಿನ ಮನೆ ಮರಾಠಿ ಕಾಕಾ ಸಹಾಯಕ್ಕೆ ಬಂದಿದ್ರೆ ದಾಬ್, ಧರ್, ಸೋಡ್, ಮೂರೇ ಮಾತು. ದಾಬ್ ಅಂದ್ರೆ ಅವ್ರು ಪೆಡಲ್ ನಿಧಾನಕ್ಕೆ ಒತ್ತಬೇಕು, ಧರ್ ಅಂದ್ರೆ ಒತ್ತಿದ ಕಾಲು ಹಾಗೇ ಇರ್ಬೇಕು, ನೀವು ನಿಪ್ಪಲ್ ಕಾಲು ಸುತ್ತು ಬಿಚ್ಚಿ, ಪೆಡಲ್ ಕೆಳಗಿಳಿಯತ್ತೆ, ಗುಳ್ಳೆ ಜೊತೆ ಆಯಿಲ್ ಬರತ್ತೆ, ನಿಪ್ಪಲ್ ಮುಚ್ಚಿ, ಮುಚ್ಚಿದ್ಮೇಲೆ ಮಾತ್ರ ಸೋಡ್, ಅಂದ್ರೆ ಅವ್ರು ಕಾಲು ಬಿಡ್ಬೇಕು. ನೀವು ಮುಚ್ಚೋಕೆ ಮುಂಚೆ ಅವ್ರು ಕಾಲು ತೆಗೆದ್ರೆ ಹೊರಗೆ ಹೋದದ್ದೆಲ್ಲ ಒಳಗೆ. ಪಟಪಟ ಅಂತ ಪಂಪ್ ಮಾಡೋರನ್ನ ತಡೀರಿ, ದೊಡ್ಡ ಗುಳ್ಳೆ ಒಡೆದು ನೊರೆ ಆಗತ್ತೆ, ನೊರೆ ತೆಗೆಯೋದು ಹತ್ತು ಪಟ್ಟು ಕಷ್ಟ. ಹಳೇ ಗಾಡಿ ಆದ್ರೆ ಪೆಡಲ್ ಕೆಳಗೆ ಒಂದು ಮರದ ತುಂಡಿಡಿ, ಪೂರ್ತಿ ಕೆಳಗೆ ಹೋದ್ರೆ ಮಾಸ್ಟರ್ ಸಿಲಿಂಡರಿನ ಸೀಲು ಎಂದೂ ಹೋಗದ ತುಕ್ಕಿನ ಜಾಗಕ್ಕೆ ಹೋಗಿ ಹರಿಯತ್ತೆ.

ಹಿಂದಿನ ಆಯಿಲ್ ಡಬ್ಬಿ ತೀರಾ ಚಿಕ್ಕದು, ಕೆಲವು ಸಲ ಒತ್ತೋದ್ರೊಳಗೆ ತಳ ಕಾಣತ್ತೆ. ಕಣ್ಣೆಲ್ಲಾ ನಿಪ್ಪಲ್ ಮೇಲಿಟ್ಟು ಡಬ್ಬಿ ಮರೆತ್ರೆ ಮೇಲಿಂದ ಗಾಳಿ ಎಳ್ಕೊಂಡು ಮೊದಲಿಂದ ಶುರು. ಹೊಸ ಹೋಸ್ ಹಾಕಿದಾಗ ಮಾಸ್ಟರ್ ಸಿಲಿಂಡರಿನ ಬ್ಯಾಂಜೊ ಹತ್ರಾನೂ ಗಾಳಿ ಸಿಕ್ಕಿರತ್ತೆ, ಅಲ್ಲಿ ನಿಪ್ಪಲ್ ಇಲ್ಲ ಅಂತ ಎಲ್ರೂ ಬಿಡ್ತಾರೆ. ಬ್ಯಾಂಜೊಗೆ ಹಳೇ ಬನಿಯನ್ ಸುತ್ತಿ, ಪೆಡಲ್ ಒತ್ತಿ ಹಿಡಿಸಿ, ಬೋಲ್ಟ್ ಚೂರೇ ಸಡಿಲಿಸಿ, ಪುಸ್ ಅಂತ ಬಂದ ತಕ್ಷಣ ಬಿಗಿ ಮಾಡಿ, ನೀರು ಹಾಕಿ ತೊಳೀರಿ. ಇಷ್ಟಾದ್ರೂ ಮೆತ್ತಗಿದ್ರೆ ಸ್ಕ್ರೂಡ್ರೈವರ್ ಹಿಡಿಯಲ್ಲಿ ಹೋಸ್, ಕ್ಯಾಲಿಪರ್ ಮೆಲ್ಲಗೆ ತಟ್ಟಿ ಮತ್ತೆ ಮಾಡಿ. ರಾತ್ರಿಯಿಡೀ ಪೆಡಲ್ ಒತ್ತಿ ಕಟ್ಟಿಡೋದು ಸಣ್ಣಪುಟ್ಟ ಗುಳ್ಳೆಗೆ ಸರಿ, ಕೆಲಸ ತಪ್ಪಿಸ್ಕೊಳ್ಳೋಕಲ್ಲ. ದೊಡ್ಡ ಸಿರಿಂಜಲ್ಲಿ ನಿಪ್ಪಲಿಂದ ಮೇಲಕ್ಕೆ ಆಯಿಲ್ ತುಂಬೋ ಉಪಾಯ ನಂಗಿಷ್ಟ, ಖಾಲಿ ಹೋಸಿಗೆ ಅದೇ ಬೇಗ, ಡಬ್ಬಿ ತುಂಬಿ ಚೆಲ್ಲದಂಗೆ ನೋಡ್ಕೊಳ್ಳಿ.

ಪೆಡಲ್ ಒತ್ತಿ ಹಾಗೇ ಒಂದು ನಿಮಿಷ ಇರಿ. ಗಟ್ಟಿಯಾಗಿ ನಿಂತ್ರೆ ಸರಿ, ಮೆಲ್ಲಗೆ ಇಳೀತಾ ಹೋದ್ರೆ ಗಾಳಿ ಅಲ್ಲ, ಎಲ್ಲೋ ಸೋರ್ತಿದೆ ಇಲ್ಲಾ ಮಾಸ್ಟರ್ ಸಿಲಿಂಡರ್ ಸೀಲ್ ಹೋಗಿದೆ.

ಪೆಡಲ್ ಎತ್ತರ ನಿಮ್ಮ ಬೂಟಿಗೆ ತಕ್ಕಂಗೆ ಸೆಟ್ ಮಾಡಿ, ಆದ್ರೆ ಪೆಡಲಿಂದ ಮಾಸ್ಟರ್ ಸಿಲಿಂಡರ್ ಒತ್ತೋ ಪುಶ್‌ರಾಡ್‌ನಲ್ಲಿ ಸ್ವಲ್ಪ ಆಟ ಉಳಿಸಲೇಬೇಕು. ಆಟ ಇಲ್ಲದಿದ್ರೆ ಆಯಿಲ್ ವಾಪಸ್ ಹೋಗೋ ಸಣ್ಣ ತೂತು ಮುಚ್ಚಿರತ್ತೆ, ಗಾಡಿ ಓಡ್ತಾ ಓಡ್ತಾ ಬಿಸಿಗೆ ಆಯಿಲ್ ಹಿಗ್ಗಿ ಬ್ರೇಕ್ ತಾನೇ ಹಿಡಿದು ಚಕ್ರ ಜಾಮ್ ಆಗತ್ತೆ. ಬ್ರೇಕ್ ಲೈಟ್ ಸ್ವಿಚ್ ಕೂಡ ನೋಡಿ.

ಹೊಸ ಪ್ಯಾಡ್ ಕೂರಿಸೋಕೆ ಬೆಳಿಗ್ಗೆ ಖಾಲಿ ರಸ್ತೇಲಿ 50ರಿಂದ 15ಕ್ಕೆ ಇಳಿಸಿ, ಪೂರ್ತಿ ನಿಲ್ಲಿಸ್ದೆ, ಮತ್ತೆ ವೇಗ ಹಿಡಿದು ಸ್ವಲ್ಪ ಆರೋಕೆ ಬಿಟ್ಟು, ಹೀಗೇ ಹಲವು ಸಲ ಮಾಡಿ. ಕೀಚಲು ಸದ್ದು ಬಂತು ಅಂತ ಡಿಸ್ಕಿಗೆ ಡಬ್ಲ್ಯೂಡಿ 40 ಅನ್ನೋ ಎಣ್ಣೆ ಸ್ಪ್ರೇ ಹೊಡೆದವ್ರನ್ನೂ ನೋಡಿದೀನಿ, ಅವ್ರಿಗೆ ಏನು ಹೇಳೋದು.

ಮೊದಲ ವಾರ ದಿನಾ ಬೆಳಿಗ್ಗೆ ಎರಡೂ ಕಡೆ ಬ್ಯಾಂಜೊ ಸುತ್ತ, ನಿಪ್ಪಲ್ ಕೆಳಗೆ ಟಿಶ್ಯೂ ಒತ್ತಿ ನೋಡಿ. ಒದ್ದೆ ಕಂಡ್ರೆ ಬೋಲ್ಟ್ ಇನ್ನಷ್ಟು ತಿರುಚಬೇಡಿ, ಅಲ್ಯೂಮಿನಿಯಂ ಕ್ಯಾಲಿಪರಿನ ಥ್ರೆಡ್ ಕಿತ್ತು ಬರತ್ತೆ. ವಾಷರ್ ಬದಲಿಸಿ, ಮ್ಯಾನ್ಯುಯಲ್ಲಿರೋ ಟಾರ್ಕಿಗೆ ಬಿಗಿ ಮಾಡಿ, ಗಾಳಿ ಮತ್ತೆ ತೆಗೀರಿ.