ಇಬ್ಬರು ಪುಟ್ಟ ಮಕ್ಕಳ ಜೊತೆ ವಿಜಯಪುರದ ಕೋಟೆಯೊಳಗೆ

ವಿಜಯಪುರಕ್ಕೆ ಹೋದವರು ಸಾಮಾನ್ಯವಾಗಿ ಗೋಲ್ ಗುಂಬಜ್ ನೋಡಿ, ಇಬ್ರಾಹಿಂ ರೋಜಾದಲ್ಲಿ ಫೋಟೋ ತೆಗೆದು, ಸಂಜೆಗೆ ಬಾದಾಮಿ ಕಡೆ ಗಾಡಿ ತಿರುಗಿಸುತ್ತಾರೆ. ನಾಲ್ಕು ವರ್ಷದ ಮಗಳು, ಏಳು ವರ್ಷದ ಮಗನನ್ನು ಕಟ್ಟಿಕೊಂಡು ಹಾಗೆ ಓಡೋಕೆ ಆಗಲ್ಲ. ಹಾಗಾಗಿ ನಾವು ಗೋಡೆಯಿಂದಲೇ ಶುರು ಮಾಡಿದೆವು.

ಈ ಊರಿಗೆ ಸುತ್ತಲೂ ಸುಮಾರು 10 ಕಿಲೋಮೀಟರ್ ಕೋಟೆಗೋಡೆ ಇದೆ, ನಡುವೆ ಇನ್ನೊಂದು ಒಳಕೋಟೆ. ಅದಕ್ಕೆ ಅರಕಿಲ್ಲೆ ಅಂತಾರೆ. ಗೋಡೆ ಕೆಲವು ಕಡೆ ಎತ್ತರವಾಗಿ ನಿಂತಿದೆ, ಕೆಲವು ಕಡೆ ಮನೆ, ಅಂಗಡಿಗಳ ಹಿಂದೆ ಮುಚ್ಚಿಹೋಗಿದೆ. ಗೋಡೆ ಕಂಡಾಗಲೆಲ್ಲ ಕೂಗಿ ಹೇಳುವ ಕೆಲಸವನ್ನು ಮಗನಿಗೆ ಕೊಟ್ಟೆ. ಆಟೋದಲ್ಲಿ ಕೂತಷ್ಟು ಹೊತ್ತೂ ಅವನಿಗೆ ಅದೇ ಆಟ. 'ಇನ್ನೆಷ್ಟು ದೂರ' ಅನ್ನೋ ಪ್ರಶ್ನೆಯೇ ಬರಲಿಲ್ಲ.

ಮೊದಲು ಎಲ್ಲಿಗೆ ಹೋಗೋಣ ಅಂತ ಯೋಚಿಸುತ್ತಿದ್ದಾಗ ಟಾಂಗಾದವರು ಒಬ್ಬರು ಅಂದರು, "ಅಕ್ಕಾರ, ಹುಡುಗೂರಿಗೆ ಮೊದ್ಲ ತೋಪು ತೋರಸ್ರಿ, ಗುಂಬಜ್ ಎಲ್ಲೂ ಓಡಿ ಹೋಗಂಗಿಲ್ಲ." ಸರಿಯಾದ ಮಾತು. ಮಲಿಕ್-ಎ-ಮೈದಾನ್ ತೋಪು ಪಶ್ಚಿಮದ ಗೋಡೆಯ ಬುರುಜಿನ ಮೇಲಿದೆ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ತೋಪಿನ ಬಾಯಿ ಸಿಂಹದ ಬಾಯಿ, ಹಲ್ಲುಗಳ ಮಧ್ಯೆ ಸಿಕ್ಕಿಬಿದ್ದ ಆನೆ. "ಪಾಪ ಆನೆ" ಅಂತ ಮಗಳು ಅಲ್ಲೇ ನಿಂತುಬಿಟ್ಟಳು. ಮಗನಿಗೆ ಬೇರೆ ಚಿಂತೆ, ಇಷ್ಟು ಭಾರದ್ದನ್ನು ಇಲ್ಲಿಗೆ ಎಳೆದು ತಂದವರು ಯಾರು? ನೂರಾರು ಎತ್ತು, ಜೊತೆಗೆ ಆನೆಗಳು ಅಂತ ಕಥೆ ಇದೆ ಅಂದೆ. 1854ರಲ್ಲಿ ಇದನ್ನು ಹರಾಜಿಗೆ ಹಾಕಿ 150 ರೂಪಾಯಿಗೆ ಕೊಟ್ಟೇಬಿಟ್ಟಿದ್ದರಂತೆ, ಆಮೇಲೆ ರದ್ದು ಮಾಡಿದರಂತೆ. ಅದನ್ನು ಕೇಳಿದವನು "ನಾವೇ ತಗೋಬಹುದಿತ್ತಲ್ವಾ" ಅಂದ. ಸುಲ್ತಾನರ ಹೆಸರು, ವಂಶಾವಳಿ ಯಾವುದೂ ನಾನು ಹೇಳಲು ಹೋಗಲಿಲ್ಲ. ಆ ವಯಸ್ಸಿಗೆ ತೂಕ, ಎತ್ತರ, ಬೆಲೆ ಸಾಕು.

ಅಲ್ಲೇ ಹತ್ತಿರ ಉಪ್ಲಿ ಬುರುಜು ಇದೆ. ಒಂಟಿ ಗೋಪುರ, ಸುಮಾರು 80 ಅಡಿ. ಮೆಟ್ಟಿಲು ಹೊರಗಿನಿಂದಲೇ ಸುತ್ತು ಹಾಕಿಕೊಂಡು ಮೇಲೆ ಹೋಗುತ್ತವೆ. ಮಗುವನ್ನು ಗೋಡೆಯ ಕಡೆಗೆ, ನಾವು ಖಾಲಿ ಕಡೆಗೆ, ಕೈ ಬಿಡಬಾರದು. ಮೇಲೆ ಉದ್ದನೆಯ ತೋಪುಗಳಿವೆ, ಊರು ಪೂರ್ತಿ ಕಾಣುತ್ತದೆ. ಗೋಡೆ ಎಲ್ಲಿಂದ ಎಲ್ಲಿಗೆ ಓಡುತ್ತದೆ ಅಂತ ಮಗ ಬೆರಳಲ್ಲಿ ಗೆರೆ ಎಳೆದು ತೋರಿಸಿದ್ದು ಇಲ್ಲಿಂದಲೇ. ಮಗಳನ್ನು ಇಳಿಸುವಾಗ ನಾನು ಎತ್ತಿಕೊಂಡೆ. ಹತ್ತೋದಕ್ಕಿಂತ ಇಳಿಯೋದೇ ಕಷ್ಟ.

ಮಧ್ಯಾಹ್ನ ಹನ್ನೊಂದರಿಂದ ನಾಲ್ಕರವರೆಗೆ ರೂಮಿನಲ್ಲೇ. ನಾವು ಹೋದದ್ದು ಡಿಸೆಂಬರಿನಲ್ಲಿ, ಆದರೂ ಬಯಲಿನ ಬಿಸಿಲಿಗೆ ಮಕ್ಕಳ ಮುಖ ಕೆಂಪಾಗುತ್ತದೆ. ಬೇಸಿಗೆ ರಜೆಯಲ್ಲಿ ಚಿಕ್ಕವರನ್ನು ಕರೆದುಕೊಂಡು ಈ ಊರಿಗೆ ಹೋಗಲೇಬೇಡಿ ಅಂತ ನನ್ನ ಸಲಹೆ. ಊಟಕ್ಕೆ ಖಾನಾವಳಿ. ಪಲ್ಯ ಮಕ್ಕಳಿಗೆ ಖಾರ, ಆದರೆ ಬಿಸಿ ಜೋಳದ ರೊಟ್ಟಿ, ಗಟ್ಟಿ ಮೊಸರು, ಮೇಲೊಂದು ಶೇಂಗಾ ಹೋಳಿಗೆ ಇದ್ದರೆ ಗಲಾಟೆ ಇಲ್ಲ.

ಗೋಲ್ ಗುಂಬಜ್‌ಗೆ ಮರುದಿನ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋದೆವು. ಇದೊಂದು ವಿಷಯದಲ್ಲಿ ಸೋಮಾರಿತನ ಬೇಡ. ಶಾಲಾ ಪ್ರವಾಸದ ಬಸ್ಸುಗಳು ಬಂದವು ಅಂದರೆ ಒಳಗಿನ ಕೂಗಾಟ, ಶಿಳ್ಳೆ ಎಲ್ಲ ಸೇರಿ ಸಣ್ಣ ಮಕ್ಕಳು ಕಿವಿ ಮುಚ್ಚಿಕೊಂಡು ಅಳುತ್ತಾರೆ. ಮೂಲೆಯ ಏಳು ಅಂತಸ್ತಿನ ಗೋಪುರದೊಳಗೆ ಕಿರಿದಾದ, ಕಡಿದಾದ ಮೆಟ್ಟಿಲು. ಮುಂದೆ ಒಬ್ಬರು ದೊಡ್ಡವರು, ಹಿಂದೆ ಒಬ್ಬರು, ಮಕ್ಕಳು ಮಧ್ಯೆ. ಪ್ರತಿ ಅಂತಸ್ತಿನ ಕಿಂಡಿಯಲ್ಲೂ ನಿಂತು ನೀರು ಕುಡಿದೆವು, ಹಾಗಾಗಿ ಮಗಳೂ ನಡೆದೇ ಹತ್ತಿದಳು.

ಮೇಲಿನ ಗ್ಯಾಲರಿಯಲ್ಲಿ ಅವರ ಅಪ್ಪ, ಮಗ ಒಂದು ಕಡೆ, ನಾವಿಬ್ಬರು ಎದುರು ಕಡೆ. ನಡುವೆ ಸುಮಾರು 37 ಮೀಟರ್ ಖಾಲಿ ಜಾಗ. ಮಗ ಗೋಡೆಗೆ ಬಾಯಿ ಇಟ್ಟು ಪಿಸುಗುಟ್ಟಿದ: "ಅಮ್ಮಾ, ಹಸಿವು." ಪಕ್ಕದಲ್ಲೇ ನಿಂತು ಹೇಳಿದ ಹಾಗೆ ಕೇಳಿಸಿತು. ಮಗಳು ಬೆಚ್ಚಿಬಿದ್ದು ನನ್ನ ಬೆನ್ನ ಹಿಂದೆ ಹುಡುಕಿದಳು! ದೊಡ್ಡ ಗುಮ್ಮಟದ ಒಳಗೋಡೆ ನುಣುಪಾಗಿ, ಗುಂಡಗಿರೋದರಿಂದ ಸದ್ದು ಅದರ ಮೇಲೇ ಜಾರಿಕೊಂಡು ಬರುತ್ತದೆ ಅಂತ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ, ಪಿಸುಗುಟ್ಟೋದರಲ್ಲೇ ಮುಳುಗಿದ್ದರು.

ಆದರೆ ಮಕ್ಕಳು ಜಾಸ್ತಿ ಹೊತ್ತು ಆಡಿದ್ದು ಬಾರಾ ಕಮಾನಿನಲ್ಲಿ. ಎರಡನೇ ಅಲಿ ಆದಿಲ್ ಶಾನ ಗೋರಿ ಅದು, ಅರ್ಧಕ್ಕೇ ನಿಂತದ್ದು. ಮೇಲೆ ಚಾವಣಿ ಇಲ್ಲ, ಬರೀ ಕಪ್ಪು ಕಲ್ಲಿನ ಕಮಾನುಗಳು. ಗೋರಿಯ ಕಟ್ಟೆಯಿಂದ ದೂರದಲ್ಲಿ, ಹುಲ್ಲಿನ ಮೇಲೆ ಓಡಾಡಲು ಬಿಟ್ಟೆವು. ಯಾಕೆ ಮುಗಿಸಲಿಲ್ಲ ಅಂತ ಕೇಳಿದರು. 1672ರಲ್ಲಿ ಅರಸ ತೀರಿಕೊಂಡ, 1686ರಲ್ಲಿ ಔರಂಗಜೇಬ ಊರನ್ನೇ ಗೆದ್ದುಕೊಂಡ, ಮತ್ತೆ ಕಟ್ಟೋರು ಯಾರು ಅಂದೆ.

ತಾಜ್ ಬಾವಡಿ ಅನ್ನೋ ಹಳೆಯ ದೊಡ್ಡ ಬಾವಿಯನ್ನು ಬೇಕಂತಲೇ ಬಿಟ್ಟೆವು, ನೀರು ಕಂಡರೆ ಮಗಳನ್ನು ಹಿಡಿಯೋಕಾಗಲ್ಲ. ಇಬ್ರಾಹಿಂ ರೋಜಾ ಗೋಡೆಯ ಹೊರಗೆ, ಪಶ್ಚಿಮಕ್ಕಿದೆ. ಗುಂಬಜ್ ಥರ ಗೋಪುರ ಹತ್ತುವ ಕೆಲಸ ಇಲ್ಲ, ದಣಿದ ಸಂಜೆಗೆ ಅದನ್ನು ಇಟ್ಟುಕೊಳ್ಳಿ. ಬುರುಜುಗಳ ಹತ್ತಿರ ಶೌಚಾಲಯ ನಂಬಿಕೊಳ್ಳಬೇಡಿ, ಹೊರಡುವ ಮೊದಲೇ ಮುಗಿಸಿಕೊಳ್ಳಿ. 15 ವರ್ಷದೊಳಗಿನ ಮಕ್ಕಳಿಗೆ ಪುರಾತತ್ವ ಇಲಾಖೆಯ ಟಿಕೆಟ್ ಬೇಡ. ಟಾಂಗಾ ಹತ್ತುವ ಮುಂಚೆ ಬಾಡಿಗೆ ಮಾತಾಡಿಕೊಳ್ಳಿ, ಚಿಕ್ಕವರನ್ನು ಮಧ್ಯೆ ಕೂರಿಸಿ.