ರೆವಿಟ್‌ನಲ್ಲಿ ಗೋಡೆಗಳಿಗೆಲ್ಲ ಒಂದೇ ಸಲ ಟ್ಯಾಗ್ ಹಾಕೋದು
ಮೈಸೂರಲ್ಲಿ ರೆವಿಟ್ (ಕಟ್ಟಡದ ನಕ್ಷೆ ಮಾಡುವ ಸಾಫ್ಟ್‌ವೇರ್) ಬಳಸಿ ಮನೆ ಪ್ಲಾನ್ ಮಾಡುವ ಗೆಳೆಯರೇ, ಒಂದೊಂದೇ ಗೋಡೆ ಕ್ಲಿಕ್ ಮಾಡಿ ಟ್ಯಾಗ್ (ಅದು ಯಾವ ಗೋಡೆ ಅಂತ ನಕ್ಷೆಯಲ್ಲಿ ತೋರಿಸುವ ಗುರುತು) ಹಾಕುತ್ತಾ ಕೂರಬೇಡಿ. 30x40 ಸೈಟಿನ ಎರಡು ಮಹಡಿಯ ಮನೆಗೇ ನಾನು ಹೀಗೆ ಒಂದು ಸಂಜೆ ಪೂರ್ತಿ ಕಳೆದಿದ್ದೇನೆ.

ಮೊದಲು ಟೈಪ್ ಮಾರ್ಕ್, ಅಂದರೆ ಟ್ಯಾಗ್‌ನಲ್ಲಿ ಕಾಣುವ ಆ ಬಗೆಯ ಗೋಡೆಯ ಹೆಸರು, ತುಂಬಿಸಿ. ಇದೇ ಮುಖ್ಯ. 230 ಎಂಎಂ ಹೊರಗೋಡೆ ಆರಿಸಿ, ಎಡಿಟ್ ಟೈಪ್‌ಗೆ ಹೋಗಿ ಡಬ್ಲ್ಯೂ1 ಅಂತ ಕೊಡಿ, 115 ಎಂಎಂ ಒಳಗೋಡೆಗೆ ಡಬ್ಲ್ಯೂ2. ಖಾಲಿ ಬಿಟ್ಟರೆ ಟ್ಯಾಗ್‌ನಲ್ಲಿ ಪ್ರಶ್ನೆ ಚಿಹ್ನೆ ಬರುತ್ತದೆ, ಆಮೇಲೆ ತುಂಬಿದರೂ ಸರಿಹೋಗುತ್ತದೆ ಬಿಡಿ.

ಆಮೇಲೆ ಆನೋಟೇಟ್ ಟ್ಯಾಬ್, ಟ್ಯಾಗ್ ಆಲ್. ಪಟ್ಟಿಯಲ್ಲಿ ವಾಲ್ ಟ್ಯಾಗ್ಸ್ ಮಾತ್ರ ಟಿಕ್ ಮಾಡಿ, ಲೀಡರ್ (ಟ್ಯಾಗ್‌ನಿಂದ ಗೋಡೆಗೆ ಹೋಗುವ ಗೆರೆ) ಬೇಡದಿದ್ದರೆ ತೆಗೆದುಬಿಡಿ, ಓಕೆ ಕೊಡಿ. ಪಟ್ಟಿಯಲ್ಲಿ ವಾಲ್ ಟ್ಯಾಗ್ ಕಾಣದಿದ್ದರೆ ಆ ಟ್ಯಾಗ್‌ನ ಫ್ಯಾಮಿಲಿ (ಅದರ ಮಾದರಿ ಫೈಲ್) ಲೋಡ್ ಆಗಿಲ್ಲ ಅಂತ ಅರ್ಥ.

ಟ್ಯಾಗ್ ಆಲ್ ತೆರೆದಿರುವ ವ್ಯೂನಲ್ಲಿ (ಆಗ ಪರದೆಯಲ್ಲಿರುವ ನಕ್ಷೆಯಲ್ಲಿ) ಮಾತ್ರ ಕೆಲಸ ಮಾಡುತ್ತದೆ, ಹಾಗಾಗಿ ಮೊದಲನೇ ಮಹಡಿಗೆ ಮತ್ತೆ ಓಡಿಸಬೇಕು. ಹೊಸ ಗೋಡೆ ಸೇರಿಸಿದರೂ ಅಷ್ಟೇ, ಮತ್ತೆ ಓಡಿಸಿದರೆ ಟ್ಯಾಗ್ ಇಲ್ಲದವಕ್ಕೆ ಮಾತ್ರ ಬೀಳುತ್ತದೆ, ಹಳೆಯದನ್ನು ಮುಟ್ಟುವುದಿಲ್ಲ.

ಕಿಟಕಿ, ಬಾಗಿಲಿನ ಮೇಲೆ ಕೂತ ಟ್ಯಾಗ್‌ಗಳನ್ನು ಮಾತ್ರ ಕೈಯಿಂದಲೇ ಸರಿಸಿ. ಸೈಟಲ್ಲಿ ಮೇಸ್ತ್ರಿ ಓದೋದು ಅದನ್ನೇ ಅಲ್ವಾ, ಅಲ್ಲಿ ಅವಸರ ಮಾಡಬೇಡಿ.