ಮೇಲಿನ ನೊಣ, ತಳದ ಹುಳು: ಗಪ್ಪಿ ಮೀನಿನ ಆಯ್ಕೆಯನ್ನು ಎಣಿಸಿದ ನನ್ನ ಅನುಭವ

ಎರಡು ಬಗೆಯ ಬಲಿಪ್ರಾಣಿಗಳು ಸಿಗುವಾಗ ಪರಭಕ್ಷಕ ಯಾವುದನ್ನು ಹಿಡಿಯುತ್ತದೆ ಎಂಬುದನ್ನು ಪ್ರಾಣಿಶಾಸ್ತ್ರದ ಅಧ್ಯಾಪಕಿಯಾಗಿ ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಆದರೆ ಅದನ್ನು ಕಣ್ಣಾರೆ ಕಂಡು ಎಣಿಸಿದ್ದು ನಿವೃತ್ತಿಯ ನಂತರ, ಡೊಂಬಿವಲಿಯ ನಮ್ಮ ಮನೆಯ ಬಾಲ್ಕನಿಯಲ್ಲಿ, ಆರು ಗಪ್ಪಿ ಮೀನುಗಳನ್ನು ಸಾಕಿಕೊಂಡು. ಬೇಸಿಗೆ ರಜೆಗೆ ಧಾರವಾಡದಿಂದ ಬಂದಿದ್ದ ತಮ್ಮನ ಮಗಳು ಎಣಿಕೆಯ ಅರ್ಧ ಭಾರ ಹೊತ್ತಳು.

ಗಪ್ಪಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಮುಂಬೈ ಮಹಾನಗರ ಪಾಲಿಕೆ ಸೊಳ್ಳೆ ನಿಯಂತ್ರಣಕ್ಕೆಂದು ಬಾವಿಗಳಿಗೆ ಬಿಡುವ ಮೀನು ಇದು. ನೀರಿನಲ್ಲಿ ಬೇರೆ ತಿನಿಸು ಧಾರಾಳವಾಗಿದ್ದರೆ ಅದು ಸೊಳ್ಳೆಮರಿಯನ್ನು ಕಣ್ಣೆತ್ತಿ ನೋಡುತ್ತದೆಯೇ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿತ್ತು. ಜೊತೆಗೆ, ಪರಿಸರ ವಿಜ್ಞಾನಿ ವಿಲಿಯಂ ಮರ್ಡಾಕ್ ಮತ್ತು ಅವರ ಸಂಗಡಿಗರು ನೀರಿನ ಮೇಲೆ ಹಣ್ಣುನೊಣ, ತಳದಲ್ಲಿ ಟ್ಯೂಬಿಫೆಕ್ಸ್ ಜಾತಿಯ (ಕೆಸರಿನಲ್ಲಿ ಬದುಕುವ ತೆಳ್ಳನೆಯ) ಹುಳು ಇಟ್ಟು ಗಪ್ಪಿಗಳನ್ನು ಪರೀಕ್ಷಿಸಿ 1975ರಲ್ಲಿ ಪ್ರಕಟಿಸಿದ ಪ್ರಯೋಗ ಮನೆಯಲ್ಲಿಯೂ ಮಾಡಬಹುದಾದಷ್ಟು ಸರಳವಾಗಿತ್ತು.

ಪರಭಕ್ಷಕ ಒಂದು ಬಲಿಯಿಂದ ಇನ್ನೊಂದಕ್ಕೆ ಬದಲಾಗುವುದನ್ನು ಸ್ವಿಚಿಂಗ್ ಎನ್ನುತ್ತಾರೆ. ಹೆಚ್ಚು ಇರುವುದನ್ನು ಹೆಚ್ಚು ತಿಂದರೆ ಅಷ್ಟಕ್ಕೇ ಅದು ಸ್ವಿಚಿಂಗ್ ಆಗುವುದಿಲ್ಲ. ಯಾವ ಆಯ್ಕೆಯೂ ಇಲ್ಲದೆ ಎದುರಿಗೆ ಬಂದದ್ದನ್ನು ಬಾಯಿಗೆ ಹಾಕಿಕೊಳ್ಳುವ ಪ್ರಾಣಿಯೂ ಹಾಗೆಯೇ ತಿನ್ನುತ್ತದೆ. ಒಂದು ಬಲಿ ಹೇರಳವಾದಾಗ ಅದರ ಪ್ರಮಾಣಕ್ಕೂ ಮೀರಿ ಅದನ್ನು ತಿಂದು, ವಿರಳವಾದಾಗ ಅದರ ಪ್ರಮಾಣಕ್ಕಿಂತಲೂ ಕಡಿಮೆ ತಿಂದರೆ ಮಾತ್ರ ಸ್ವಿಚಿಂಗ್ ಎನ್ನಬೇಕೆಂದು ಮರ್ಡಾಕ್ 1969ರಲ್ಲಿಯೇ ಖಚಿತವಾಗಿ ಹೇಳಿದ್ದರು. ಹಾಗಾಗಿ ಎರಡೂ ಸರಿಸಮವಾಗಿರುವಾಗ ಮೀನಿನ ಒಲವು ಯಾವ ಕಡೆಗಿದೆ ಎಂಬುದನ್ನು ಮೊದಲು ಅಳೆಯಲೇಬೇಕು. ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಚಿರತೆಗಳು ನಾಯಿಗಳನ್ನು ಬಹಳವಾಗಿ ತಿನ್ನುತ್ತವೆ ಎಂಬುದು ಅವುಗಳ ಹಿಕ್ಕೆಯ ಪರೀಕ್ಷೆಯಿಂದ ತಿಳಿದಿದೆ. ಆದರೆ ಅವು ಜಿಂಕೆಯನ್ನು ಬಿಟ್ಟು ನಾಯಿಗೆ ಬದಲಾದವು ಎನ್ನಲು ಹಿಕ್ಕೆಯಲ್ಲಿ ಸಿಕ್ಕ ಕೂದಲಷ್ಟೇ ಸಾಲದು, ಜಿಂಕೆ ಎಷ್ಟಿದ್ದವು, ನಾಯಿ ಎಷ್ಟಿದ್ದವು ಎಂಬ ಲೆಕ್ಕವೂ ಬೇಕು. ಈ ಎರಡನೆಯ ಲೆಕ್ಕವನ್ನು ಜನ ಮರೆಯುತ್ತಾರೆ.

ಮೀನು ಮತ್ತು ಜೀವಂತ ಹುಳುಗಳನ್ನು ಕುರ್ಲಾದ ಅಂಗಡಿಯಿಂದ ತಂದೆ. ಆರೂ ಹೆಣ್ಣು ಮೀನುಗಳು. ಒಂದೊಂದಕ್ಕೆ ಒಂದು ಗಾಜಿನ ಜಾಡಿ, ತಳದಲ್ಲಿ ತೆಳುವಾಗಿ ನಯವಾದ ಮರಳು. ಮೊದಲ ವಾರ ಪೂರ್ತಿ ವ್ಯರ್ಥವಾಯಿತು. ಮೇಲಿನ ಬಲಿಯಾಗಿ ನಾನು ಸೊಳ್ಳೆಮರಿಗಳನ್ನು ಬಿಟ್ಟಿದ್ದೆ. ಮೀನಿನ ನೆರಳು ಬಿದ್ದೊಡನೆ ಅವು ಮೈ ಕೊಂಕಿಸುತ್ತ ತಳಕ್ಕೆ ಇಳಿದುಬಿಡುತ್ತಿದ್ದವು, ಮೇಲೆ ಯಾವುದು ಕೆಳಗೆ ಯಾವುದು ಎಂಬ ಭೇದವೇ ಉಳಿಯುತ್ತಿರಲಿಲ್ಲ. ಟ್ಯೂಬಿಫೆಕ್ಸ್ ಹುಳುಗಳು ಒಂದಕ್ಕೊಂದು ಹೆಣೆದುಕೊಂಡು ಉಂಡೆಯಾಗುತ್ತಿದ್ದವು, ಒಂದೇ ತುತ್ತಿಗೆ ನಾಲ್ಕೈದು ಹೋಗುತ್ತಿದ್ದವು. ಕೊನೆಗೆ ಕಳಿತ ಬಾಳೆಹಣ್ಣಿನ ಬಾಟಲಿಯಲ್ಲಿ ಹಣ್ಣುನೊಣ ಬೆಳೆಸಿ, ಫ್ರೀಜರಿನಲ್ಲಿಟ್ಟು ಸಾಯಿಸಿ, ನೀರಿನ ಮೇಲೆ ತೇಲಿಬಿಟ್ಟೆ. ಹುಳುಗಳನ್ನು ಚಹಾ ಸೋಸುವ ಜಾಲರಿಯಲ್ಲಿ ತೊಳೆದು, ಡ್ರಾಪರಿನಿಂದ ಒಂದೊಂದಾಗಿ ಮರಳಿನ ಮೇಲೆ ಬಿಟ್ಟೆ. ಸ್ವಲ್ಪ ಹೊತ್ತಿಗೆ ಅವು ತಲೆಯನ್ನು ಮರಳಿನಲ್ಲಿ ಹುಗಿದು, ಬಾಲವನ್ನು ನೀರಿನಲ್ಲಿ ಆಡಿಸುತ್ತ ನಿಲ್ಲುತ್ತಿದ್ದವು. ಮೀನು ಒಂದನ್ನು ತಿಂದೊಡನೆ ಅದೇ ಬಗೆಯ ಇನ್ನೊಂದನ್ನು ಹಾಕಬೇಕು, ಇಲ್ಲವಾದರೆ ಪ್ರಯೋಗದ ನಡುವೆಯೇ ಪ್ರಮಾಣ ಬದಲಾಗುತ್ತದೆ. ಇಡೀ ಕೆಲಸದಲ್ಲಿ ಅತ್ಯಂತ ತ್ರಾಸದ ಭಾಗ ಇದೇ.

ಹಿಂದಿನ ದಿನ ಉಪವಾಸವಿಟ್ಟ ಮೀನುಗಳಿಗೆ ನೊಣ 20, ಹುಳು 20 ಹಾಕಿ, ಪ್ರತಿ ಮೀನೂ 20 ತಿನ್ನುವವರೆಗೆ ಎಣಿಸಿದೆವು. ಒಟ್ಟು 120ರಲ್ಲಿ 72 ನೊಣ, 48 ಹುಳು. ಅಂದರೆ, ಎರಡೂ ಸಮನಾಗಿದ್ದಾಗ ಒಂದು ಹುಳುವಿಗೆ ಎಷ್ಟು ನೊಣ ಎಂಬ ಒಲವಿನ ಅಂಕ 1.5. ಅಂಗಡಿಯಲ್ಲಿ ತೇಲುವ ಆಹಾರ ತಿಂದು ಬೆಳೆದ ಮೀನಿಗೆ ಮೇಲ್ಮೈಯ ಕಡೆ ಒಲವಿರುವುದು ಸಹಜ. ಅದರ ಬಾಯಿಯೂ ಮೇಲ್ಮುಖವಾಗಿಯೇ ಇದೆ. ನನ್ನನ್ನು ತಡೆದು ನಿಲ್ಲಿಸಿದ್ದು ಆ ಮೊತ್ತವಲ್ಲ, ಅದರ ಹಿಂದಿನ ಸಾಲು: ಆರು ಮೀನುಗಳು ತಿಂದ ನೊಣಗಳು 19, 18, 17, 14, 3, 1. ಸರಾಸರಿ 12 ಎನ್ನುತ್ತದೆ, ಆದರೆ ಹನ್ನೆರಡು ನೊಣ ತಿಂದ ಮೀನು ಒಂದೂ ಇರಲಿಲ್ಲ! ಮೀನುಗಳು ಒಂದೊಂದಾಗಿ ಒಂದೊಂದು ಪಕ್ಷ ಹಿಡಿದಿದ್ದವು. ಮರ್ಡಾಕ್ ಅವರ ಗಪ್ಪಿಗಳೂ ಹೀಗೆಯೇ ನಡೆದುಕೊಂಡಿದ್ದವು.

ಮುಂದೆ ನಾಲ್ಕು ದಿನ ನೊಣ 8, ಹುಳು 32 ಇಟ್ಟು ರೂಢಿ ಮಾಡಿಸಿ ಎಣಿಸಿದೆವು. ಅಂಕ 1.5 ಹಾಗೆಯೇ ಉಳಿದಿದ್ದರೆ 120ರಲ್ಲಿ ಸುಮಾರು 33 ನೊಣ ಹೋಗಬೇಕಿತ್ತು, ಹೋದದ್ದು 14. ತಿರುವು ಹಾಕಿ ನೊಣ 32, ಹುಳು 8 ಇಟ್ಟಾಗ 103ರ ಬದಲು 112 ನೊಣ ಹೋದವು. ಎರಡೂ ಸಲ ಹೇರಳವಾಗಿದ್ದ ಬಲಿಯನ್ನೇ ಮೀನುಗಳು ಪ್ರಮಾಣ ಮೀರಿ ತಿಂದಿದ್ದವು.

ಇದನ್ನು ರುಚಿಯ ಬದಲಾವಣೆ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ನೊಣ ತಿನ್ನುವ ಮೀನು ನೀರಿನ ಮೇಲ್ಪದರಕ್ಕೆ ಅಂಟಿಕೊಂಡಂತೆ ಈಜುತ್ತದೆ, ಒಂದೇ ಗುಟುಕಿಗೆ ನುಂಗುತ್ತದೆ. ಹುಳು ತಿನ್ನುವ ಮೀನು ತಲೆ ತಗ್ಗಿಸಿ, ಬಾಲ ಮೇಲೆ ಮಾಡಿ, ಹುಳುವನ್ನು ಕಚ್ಚಿ ಎಳೆಯುತ್ತದೆ. ಹುಳು ರಬ್ಬರಿನಂತೆ ಹಿಗ್ಗಿ, ಕೆಲವೊಮ್ಮೆ ಜಾರಿ ಮರಳಿನೊಳಕ್ಕೆ ಸೇರಿಬಿಡುತ್ತದೆ. ಎರಡನ್ನೂ ಒಂದೇ ಸಮಯದಲ್ಲಿ ಹುಡುಕಲು ಆ ಮೀನಿಗೆ ಸಾಧ್ಯವಿಲ್ಲ. ಅದು ಬದಲಿಸುವುದು ಹುಡುಕುವ ಜಾಗವನ್ನು. ಆದ್ದರಿಂದಲೇ ತಳದಲ್ಲಿ ಹುಳು ತುಂಬಿರುವ ತೊಟ್ಟಿಯಲ್ಲಿ ಮೇಲಿನ ಕೆಲವೇ ಸೊಳ್ಳೆಮರಿಗಳು ಗಪ್ಪಿಯ ಕಣ್ಣು ತಪ್ಪಿಸಿಕೊಂಡಾವು ಎಂಬ ಆತಂಕ ನನಗೆ ಈಗ ಹೆಚ್ಚಾಗಿದೆ. ಮೀನು ಬಿಡುವ ಮುನ್ನ ತಳದ ಕೆಸರನ್ನು ತೆಗೆಸಿದರೆ ಒಳ್ಳೆಯದೆಂದು ನಾನು ಸೊಸೈಟಿಯವರಿಗೆ ಹೇಳಿದ್ದೇನೆ.

ಬಾಲದಲ್ಲಿ ಸಣ್ಣ ಕಚ್ಚು ಇದ್ದ ಮೀನೊಂದಿತ್ತು, ಮೊದಲ ಎಣಿಕೆಯಲ್ಲಿ ಒಂದೇ ನೊಣ ತಿಂದದ್ದು ಅದೇ. ನೊಣ 32 ಇಟ್ಟಾಗಲೂ ಎರಡು ದಿನ ಅದು ತಳ ಬಿಡಲಿಲ್ಲ, ನೆತ್ತಿಯ ಮೇಲೆ ನೊಣಗಳು ತೇಲುತ್ತಿದ್ದರೂ ಎಂಟು ಹುಳುಗಳಿಗಾಗಿ ಮರಳು ಕೆದಕುತ್ತಿತ್ತು. ಮೂರನೆಯ ದಿನ ನೆನೆದ ನೊಣವೊಂದು ಮುಳುಗುತ್ತ ಅದರ ಮೂತಿಯ ಮುಂದೆಯೇ ಇಳಿಯಿತು. ಅದನ್ನು ನುಂಗಿತು, ಅರ್ಧ ನೀರಿನವರೆಗೆ ಏರಿತು, ಮತ್ತೆ ಇಳಿಯಿತು. ನಾಲ್ಕನೆಯ ದಿನ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿದ್ದಾಗ ಹುಡುಗಿ ಬಾಲ್ಕನಿಯಿಂದ ಕೂಗಿದಳು: “ಅತ್ತೀ, ಲಗೂನ ಬರ್ರಿ, ಕಚ್ಚಿನ ಬಾಲದ್ದು ಮ್ಯಾಲೆ ಬಂದೈತಿ!” ಆ ದಿನ ಅದರ ಲೆಕ್ಕ 17 ನೊಣ, 3 ಹುಳು.